ಮೂರು ಗೂಡಿನ ಪಾಠ

ಒಂದಾನೊಂದು ಊರಲ್ಲಿ ಒಂದು ಗುಬ್ಬಿ. ಅದು ತನ್ನ ಕಾಳನ್ನು ಮೂರು ಗೂಡಿನಲ್ಲಿ ಇಡುತ್ತಿತ್ತು. ರಾಜ ಒಂದು ಗೂಡಿಗೆ ಬೀಗ ಹಾಕಿಸಿದ. ಇನ್ನೆರಡು ಗೂಡು ಇದ್ದವಲ್ಲ, ಗುಬ್ಬಿ ನಕ್ಕಿತು.

ಖಾನಾಪುರದ ನನ್ನಜ್ಜಿ ಭೀಮಕ್ಕ ಕಥೆ ಹೇಳುತ್ತ ಇಲ್ಲಿಗೆ ಬಂದಾಗಲೆಲ್ಲ ತಾನೂ ನಗುತ್ತಿದ್ದಳು. ಅವಳಿಗೆ ಅದು ಬರೀ ಕಥೆಯಲ್ಲ. ಸೌತೆ, ಅವರೆ, ಯಾವ ಬೀಜವೇ ಆಗಲಿ, ಬೂದಿಯಲ್ಲಿ ಹೊರಳಿಸಿ ಮೂರು ಮನೆಯಲ್ಲಿ ಇಡಬೇಕು. ಒಯ್ದವರು ಬಿತ್ತಿ ಬೆಳೆಸಿ ಮತ್ತೆ ಮೂರು ಮನೆಗೆ ಕೊಡಬೇಕು.

ನಾನು ನೆಹರು ನಗರದ ಒಂದು ತರಬೇತಿ ಕೇಂದ್ರದಲ್ಲಿ ರೋಗಿಗಳ ಆರೈಕೆ ಕಲಿಸುತ್ತಿದ್ದೆ. ಸಂಜೆ ಕೋಣೆಗೆ ಬಂದು, ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಹನ್ನೆರಡು ಪಾಠ ಬರೆದೆ. ಬರೀ ಅಕ್ಷರದ ಕಡತ ಅದು. ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಪಾಠದ ಹೆಸರು, ಚೌಕ ಕಂಸ ಹಾಕಿದರೆ ಪ್ರಶ್ನೆಯ ಉತ್ತರ. ಅದನ್ನು ಓದುವ ಪುಟವಾಗಿ ಜೋಡಿಸುವುದನ್ನು ಒಂದು ಪುಕ್ಕಟೆ ತಂತ್ರಾಂಶ ನೋಡಿಕೊಳ್ಳುತ್ತಿತ್ತು. ನಂಬಿಕೆಯಿಂದ ಕೇಂದ್ರದ ಜಾಲತಾಣಕ್ಕೇ ಹಾಕಿದೆ.

ಕಾಡಂಚಿನ ಜಾಂಬೋಟಿಯ ಮಾಯಕ್ಕ ಮತ್ತು ಅವಳ ಆರು ಗೆಳತಿಯರಿಗೆ ಭಾನುವಾರದೊಳಗೆ ಎಲ್ಲ ಪಾಠ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮಾಯಕ್ಕನ ಅತ್ತೆ ಮೂರು ತಿಂಗಳಿಂದ ಮಲಗಿದಲ್ಲೇ. ಬೆನ್ನು ಆಗಲೇ ಕೆಂಪಾಗಿತ್ತು. ಹನ್ನೆರಡನೆಯ ಪಾಠ ಹಾಸಿಗೆ ಹುಣ್ಣಿನದು.

ಶುಕ್ರವಾರ ನೋಡಿದರೆ ಪಾಠಗಳಿಗೆ ಬೀಗ. ಕೇಂದ್ರಕ್ಕೆ ಸೇರಿದವರಿಗೆ ಮಾತ್ರವಂತೆ. ಮುಖ್ಯಸ್ಥ ನಾಗಲಿಂಗ ಸರ್ ನನ್ನ ಖಾತೆಯನ್ನೂ ಮುಚ್ಚಿಸಿದ್ದರು. ಹೋಗಿ ಕೇಳಿದರೆ ಅವರೆಂದರು:

“ಹೊಲ ನಿಂದ ಇರಬಹುದು, ಗೋದಾಮು ನಂದು. ಆ ಅಡವ್ಯಾಗಿನ ಹೆಣ್ಮಕ್ಕಳು ಇದನ್ನ ಕಲತು ಡಾಕ್ಟರ್ ಆಗ್ತಾರೇನ?”

“ಡಾಕ್ಟರ್ ಆಗೂದ ಬ್ಯಾಡ್ರಿ ಸರ್. ಮುದುಕಿ ಬೆನ್ನಿಗೆ ಹುಣ್ಣ ಆಗದಂಗ ನೋಡ್ಕೊಂಡ್ರ ಸಾಕು. ಕೀಲಿ ನೀವ ಇಟ್ಕೋರಿ,” ಎಂದು ಗುರುತಿನ ಚೀಟಿ ಮೇಜಿನ ಮೇಲಿಟ್ಟು ಬಂದೆ.

ಹನ್ನೊಂದು ಪಾಠ ನನ್ನ ಫೋನಿನಲ್ಲಿತ್ತು, ಅಜ್ಜಿಯ ಬೀಜದ ಗಡಿಗೆಯಲ್ಲಿಟ್ಟ ಪೆನ್‌ಡ್ರೈವಿನಲ್ಲಿತ್ತು, ದೇಸೂರಿನ ಗೆಳತಿ ಪ್ರಮಿಳಾಳ ಬಳಿಯೂ ಇತ್ತು. ಹನ್ನೆರಡನೆಯದನ್ನು ಮಾತ್ರ ಅವಸರದಲ್ಲಿ ನೇರ ಜಾಲತಾಣದಲ್ಲೇ ಬರೆದಿದ್ದೆ. ಗುಬ್ಬಿಯ ಕಥೆ ಕೇಳಿ ಬೆಳೆದ ನಾನು ಅದನ್ನು ಒಂದೇ ಗೂಡಿನಲ್ಲಿಟ್ಟಿದ್ದೆ.

ಶನಿವಾರ ರೈಲು ಹತ್ತಿ ದೇಸೂರಿಗೆ ಹೋದೆ. ಪ್ರಮಿಳಾಳ ತಂದೆಯೂ ಹಾಸಿಗೆ ಹಿಡಿದವರು; ಆ ಪಾಠವನ್ನು ಅವಳು ಓದಿರಬಹುದೆಂಬ ಆಸೆ. ಅವಳು ಓದಿದ್ದಷ್ಟೇ ಅಲ್ಲ, ಬೀಗ ಬೀಳುವ ಮುಂಚೆ ಪೂರ್ತಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಳು.

“ನಿಮ್ಮಜ್ಜಿ ಕಥಿ ನನಗ ಹೇಳಿ ನೀನ ಮರತೀ ಏನವಾ?” ಎಂದು ಚುಚ್ಚಿದಳು.

ಅಂಚಿನಲ್ಲಿ ತನ್ನದೊಂದು ಸಾಲನ್ನೂ ಸೇರಿಸಿದ್ದಳು: ಮಗ್ಗುಲು ಹೊರಳಿಸಿದ ಮೇಲೆ ಬೆನ್ನ ಹಿಂದೆ ಹಳೇ ಕೌದಿ ಮಡಚಿ ಇಡಬೇಕು, ಇಲ್ಲದಿದ್ದರೆ ಮತ್ತೆ ಅಂಗಾತ ಆಗುತ್ತಾರೆ. ಅದು ನನಗೂ ಹೊಳೆದಿರಲಿಲ್ಲ. ಅವಳ ಕಟ್ಟೆಯ ಮೇಲೆ ಕುಳಿತು ಆ ಸಾಲನ್ನೂ ಸೇರಿಸಿ ಫೋನಿನಲ್ಲೇ ಎಲ್ಲವನ್ನೂ ಟೈಪ್ ಮಾಡಿದೆ. ಹನ್ನೆರಡೂ ಪಾಠ ಕೂಡಿಸಿ, ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ಒಂದೇ ಕಡತ ಮಾಡಿ, ಮೊದಲು ಪ್ರಮಿಳಾಳ ಫೋನಿಗೆ, ರಾತ್ರಿ ಊರು ಮುಟ್ಟಿ ಅಜ್ಜಿಯ ಗಡಿಗೆಯ ಪೆನ್‌ಡ್ರೈವಿಗೆ ಹಾಕಿದೆ.

ಭಾನುವಾರ ಜಾಂಬೋಟಿಯಲ್ಲಿ ನೆಟ್‌ವರ್ಕಿನ ಸುಳಿವಿರಲಿಲ್ಲ. ಫೋನಿನಿಂದ ಫೋನಿಗೆ ಕಡತ ದಾಟಿಸಿದೆವು. ಮಾಯಕ್ಕ ತನ್ನ ಫೋನನ್ನು ಅನುಮಾನದಿಂದ ತಿರುಗಿಸಿ ನೋಡಿದಳು.

“ಇದನ್ನ ಮತ್ತ ಯಾರರ ಮುಚ್ಚಿದ್ರ, ಅಕ್ಕೋರ?”

“ಎಷ್ಟ ಮನಿ ಮುಚ್ಚತಾರ ಮುಚ್ಚಲಿ. ತಗೊಂಡವರು ಇನ್ನ ಮೂರು ಮನಿಗೆ ಕೊಡ್ರಿ.”

ಅವಳು ಹನ್ನೆರಡನೆಯ ಪಾಠ ತೆರೆದು ಗಟ್ಟಿಯಾಗಿ ಓದುತ್ತಲೇ ಅತ್ತೆಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದಳು, ಬೆನ್ನ ಹಿಂದೆ ಕೌದಿ ಮಡಚಿಟ್ಟಳು. ಅಷ್ಟರಲ್ಲಿ ಏಳನೆಯ ಫೋನಿಗೂ ಪಾಠ ಮುಟ್ಟಿತು.