ನದಾಫ್ ಸರ್ ಕ್ಲಾಸಿನ ಸತ್ತ ಫೋನು

ನಾನು ಒಂದು ಕಪ್ಪು ಟೆಲಿಫೋನು. ಈಗಿನ ಮಕ್ಕಳು ನನ್ನನ್ನು ಕಂಡರೆ ಇಸ್ತ್ರಿಪೆಟ್ಟಿಗೆಯೋ ತೂಕದ ಕಲ್ಲೋ ಎಂದು ಕೇಳುತ್ತಾರೆ. ಅವರ ತಪ್ಪಲ್ಲ, ನನ್ನ ಭಾರವೇ ಹಾಗಿದೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನ ಹೊಟ್ಟೆಯೊಳಗೆ ಎರಡು ಸಣ್ಣ ಗಂಟೆಗಳನ್ನು ಕೂರಿಸಿದ್ದು ನೀಲಿ ಕೋಟು ತೊಟ್ಟ ಒಬ್ಬ ಹೆಂಗಸು. ಸರಿಯಾಗಿ ಕೂಗುತ್ತೇನೋ ಇಲ್ಲವೋ ಎಂದು ಒಮ್ಮೆ ಬಾರಿಸಿ ನೋಡಿದಳು, ತಲೆಯಾಡಿಸಿದಳು, ಪಕ್ಕಕ್ಕೆ ಸರಿಸಿ ಮುಂದಿನದಕ್ಕೆ ಕೈ ಹಾಕಿದಳು. ತಾಯಿಯ ಋಣ ನನಗೆ ಅಷ್ಟೇ.

ಅಲ್ಲಿಂದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಗುಳೇದಗುಡ್ಡಕ್ಕೆ ಬಂದೆ. ಕುಪ್ಪಸದ ಖಣ ನೇಯುವ ಊರು. ಹಗಲೆಲ್ಲ ಮಗ್ಗದ ಟಕ್ ಟಕ್ ಸದ್ದು ಕೇಳುತ್ತಿದ್ದ ಒಂದು ಕಾಲೇಜಿನಲ್ಲಿ, ಪ್ರಿನ್ಸಿಪಾಲರ ಮೇಜಿನ ಮೇಲೆ ನನ್ನನ್ನು ಕೂರಿಸಿದರು. ಕೂರಿಸಿದ ಮರುದಿನವೇ ನನ್ನ ನಂಬರಿನ ಚಕ್ರಕ್ಕೆ ಒಂದು ಪುಟ್ಟ ಬೀಗ ಜಡಿದರು. ಬಂದ ಮಾತು ಕೇಳಬಹುದು, ಇಲ್ಲಿಂದ ಯಾರೂ ಫೋನು ಹಚ್ಚುವ ಹಾಗಿಲ್ಲ. ಬೀಗದ ಕೈ ಪ್ರಿನ್ಸಿಪಾಲರ ಜನಿವಾರದಲ್ಲಿತ್ತು. ನಾಲ್ವರು ಪ್ರಿನ್ಸಿಪಾಲರು ಬದಲಾದರು, ಜನಿವಾರ ಹೋಗಿ ಶಿವದಾರ ಬಂತು, ಶಿವದಾರ ಹೋಗಿ ಪ್ಯಾಂಟಿನ ಕಿಸೆ ಬಂತು, ಬೀಗ ಮಾತ್ರ ಬದಲಾಗಲಿಲ್ಲ. ವರ್ಗಾವಣೆಯ ಸುದ್ದಿ, ಸಾವಿನ ಸುದ್ದಿ, ರಿಸಲ್ಟಿನ ಸುದ್ದಿ, ಎಲ್ಲವೂ ನನ್ನೊಳಗಿಂದ ಹಾದು ಹೋದವು. ಅಂಚೆಯವನು ಕಾಗದ ಓದುತ್ತಾನೆಯೇ, ನಾನೂ ಹಾಗೆಯೇ ಇದ್ದೆ.

ಆಮೇಲೆ ಎಲ್ಲರ ಕಿಸೆಗೂ ಮೊಬೈಲು ಬಂತು. ಒಂದು ದಿನ ಲೈನ್‌ಮನ್ ಬಂದು ಗೋಡೆಯ ಬಳಿ ನನ್ನ ತಂತಿಯನ್ನು ಕಚಕ್ಕೆಂದು ಕತ್ತರಿಸಿದ. ನೋವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಟೆಂಡರ್ ಯಮನೂರಪ್ಪ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಸ್ಟೋರ್ ರೂಮಿನಲ್ಲಿ, ಕಾಲು ಮುರಿದ ಬೆಂಚುಗಳ ನಡುವೆ ಒಗೆದ. ಅಲ್ಲಿ ಹತ್ತು ವರ್ಷ ಧೂಳು ತಿಂದೆ.

ಅಲ್ಲಿಂದ ನನ್ನನ್ನು ಎತ್ತಿದವರು ಇಂಗ್ಲಿಷ್ ಕಲಿಸುವ ನದಾಫ್ ಸರ್. ಒಂದು ಕುರ್ಚಿ ಹುಡುಕಲು ಬಂದವರು ಕುರ್ಚಿ ಬಿಟ್ಟು ನನ್ನನ್ನು ಹಿಡಿದುಕೊಂಡು ಹೊರಟರು. ಯಮನೂರಪ್ಪನಿಗೆ ನಗು ತಡೆಯಲಾಗಲಿಲ್ಲ.

“ಸರ, ಅದು ಸತ್ತು ಹತ್ತು ವರ್ಷ ಆತ್ರಿ” ಎಂದ.

“ಸತ್ತದ್ದs ಬೇಕಾಗೇತಿ ನನಗ” ಎಂದರು ಸರ್.

ಅವರ ಕಷ್ಟ ಅವರಿಗೆ. ಡಿಗ್ರಿ ಕೊನೆಯ ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ತಾಸು ಇಂಗ್ಲಿಷ್ ಜೊತೆಗೆ ಬದುಕಿನ ರೀತಿಯನ್ನೂ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಗೈಡು ಓದಿ ಹತ್ತು ಪುಟದ ಪ್ರಬಂಧವನ್ನು ಉಸಿರು ಬಿಡದೆ ಒಪ್ಪಿಸುವ ಮಕ್ಕಳು, ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಹೇಳಿದರೆ ಗರ ಬಡಿದವರ ಹಾಗೆ ನಿಲ್ಲುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇವರಿಗೆ ಬಾಯಿ ಇತ್ತು, ಎದುರಿನವರು ನಕ್ಕಾರು ಎಂಬ ಅಂಜಿಕೆ ಅದಕ್ಕಿಂತ ದೊಡ್ಡದಿತ್ತು. ನನ್ನೊಳಗೆ ಯಾರೂ ಇಲ್ಲ, ಆದ್ದರಿಂದ ನಗುವವರೂ ಇಲ್ಲ. ಸರ್ ಹಿಡಿದ ಉಪಾಯ ಇದು.

ಅವರ ಆಟ ಹೀಗಿತ್ತು. ಒಬ್ಬರು ನನ್ನ ರಿಸೀವರ್ ಹಿಡಿದು, ತಮಗೆ ಗೊತ್ತಿರುವ ಒಬ್ಬ ಮನುಷ್ಯನ ಬಗ್ಗೆ ಇಂಗ್ಲಿಷಿನಲ್ಲಿ ಹೇಳಬೇಕು. ಇನ್ನೊಬ್ಬರು ಕಪಾಟಿನ ಹಿಂದೆ ಕುಳಿತು, ಕೇಳಿದ್ದನ್ನು ಕೇಳಿದ ಹಾಗೆ ಚಿತ್ರ ಬರೆಯಬೇಕು. ಒಂದು ಮಾತು ಆಡಿದ ಮೇಲೆ ಐದು ಎಣಿಸುವವರೆಗೂ ಸುಮ್ಮನಿರಬೇಕು, ಆಚೆಯವರಿಗೂ ಬಾಯಿ ಇರುತ್ತದೆ ಎಂಬುದು ನೆನಪಿರಲಿ ಎಂದು. ಚಿತ್ರ ಹೊರಗೆ ಬಂದಾಗ ಕ್ಲಾಸೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಒಬ್ಬ ತನ್ನ ಸೋದರಮಾವನನ್ನು ಬಣ್ಣಿಸಿದರೆ ಕಪಾಟಿನ ಹಿಂದಿನಿಂದ ಎಮ್ಮೆ ಬಂದಿತ್ತು. ಮಾವನಿಗೂ ಅದಕ್ಕೂ ಹೋಲಿಕೆ ಇತ್ತಂತೆ, ಆ ಮಾತು ಬೇರೆ.

ದಾನಮ್ಮ ನನ್ನ ಬಳಿ ಬಂದದ್ದು ಎಲ್ಲರಿಗಿಂತ ಕೊನೆಗೆ. ನೇಕಾರ ಮಾನಪ್ಪನ ಒಬ್ಬಳೇ ಮಗಳು. ಬರೆಯುವುದರಲ್ಲಿ ಕ್ಲಾಸಿಗೇ ಮುಂದು, ಮಾತಿನಲ್ಲಿ ಕಲ್ಲು. ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಅವಳ ಅಂಗೈ ಬೆವರು ನನ್ನ ಮೈಗೆ ತಾಗಿತು. ಬಹಳ ಹೊತ್ತಿನ ಮೇಲೆ ಇಂಗ್ಲಿಷಿನಲ್ಲಿ ಮೂರು ಮಾತು ಬಂದವು. ನಮ್ಮಪ್ಪ ಒಳ್ಳೆಯವನು. ನಮ್ಮಪ್ಪ ಕಷ್ಟಜೀವಿ. ನಮ್ಮಪ್ಪನಿಗೆ ನನ್ನ ಮೇಲೆ ಪ್ರೀತಿ ಬಹಳ. ಕಪಾಟಿನ ಹಿಂದಿನ ಹುಡುಗಿ ಖಾಲಿ ಹಾಳೆ ಹಿಡಿದುಕೊಂಡು ಎದ್ದು ಬಂದಳು. ಒಳ್ಳೆಯತನಕ್ಕೆ ಮೂಗು ಎಲ್ಲಿ ಬರೆಯಲಿ ಎಂದು ಅವಳ ತಕರಾರು.

ಸರ್ ಯಾರನ್ನೂ ಬೈಯಲಿಲ್ಲ.

“ದಾನವ್ವ, ನಿಮ್ಮಪ್ಪನ ಎಡಗೈಗೆ ಎಷ್ಟು ಬಳ್ಳು ನೆಟ್ಟಗ ಅದಾವ? ಗೊತ್ತಿಲ್ಲಂದ್ರ ಮನಿಗೆ ಹೋಗಿ ನೋಡು. ಕಾಣದವರಿಗೆ ಕಾಣೂ ಹಂಗ ಹೇಳೂದs ಮಾತು” ಎಂದರು.

ಅವಳು ನೋಡಿದಳು. ಒಂದು ವಾರ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯ ಪಕ್ಕ ಕುಳಿತು ಅಪ್ಪನನ್ನು ನೋಡಿದಳಂತೆ. ಅವನು ನೇಯುವುದು ನಿಲ್ಲಿಸಿ, ಕನ್ಯೆ ನೋಡಲು ಬಂದವರ ಹಾಗೆ ಯಾಕೆ ನೋಡುತ್ತೀ ಎಂದು ಗದರಿದನಂತೆ. ಮುಂದಿನ ವಾರ ಅವಳು ನನ್ನೊಳಗೆ ಹೇಳಿದ್ದನ್ನು ಕೇಳಿ ಕಪಾಟಿನ ಹಿಂದಿನಿಂದ ಒಂದು ಮುಖ ಎದ್ದು ಬಂತು. ಮೀಸೆ ಎಡಗಡೆ ಮಾತ್ರ ಬೆಳ್ಳಗೆ, ಬಲಗಿವಿಯಲ್ಲಿ ತಾಮ್ರದ ರಿಂಗು, ಎಡಗೈಯ ಕಿರುಬೆರಳು ಒಳಕ್ಕೆ ಸೊಟ್ಟ. ಚಿತ್ರ ಚೆನ್ನಾಗಿರಲಿಲ್ಲ, ಮನುಷ್ಯ ಮಾತ್ರ ಮಾನಪ್ಪನೇ ಎಂದರು ಅವನನ್ನು ಕಂಡಿದ್ದ ಮಕ್ಕಳು. ಅವತ್ತು ದಾನಮ್ಮ ರಿಸೀವರ್ ಕೆಳಗಿಡುವುದನ್ನೇ ಮರೆತಳು.

ಆ ವರ್ಷದ ಮಾಘದಲ್ಲಿ ಮಾನಪ್ಪ ಕೊಯಮತ್ತೂರಿನ ಕೈಮಗ್ಗ ಮೇಳಕ್ಕೆ ಖಣದ ಗಂಟು ಹೊತ್ತು ಹೋದ. ನಾಲ್ಕನೆಯ ದಿನ ಬೆಳಗ್ಗೆ ಚಹಾ ಕುಡಿದು ಬರುತ್ತೇನೆ ಎಂದು ಅಂಗಡಿಯಿಂದ ಹೊರಬಿದ್ದವನು ತಿರುಗಿ ಬರಲಿಲ್ಲ. ಫೋನು ಹತ್ತಲಿಲ್ಲ. ಪಕ್ಕದ ಅಂಗಡಿಯವನು ಎರಡು ದಿನ ಕಾದು ನೇಕಾರರ ಸಂಘಕ್ಕೆ ಸುದ್ದಿ ಮುಟ್ಟಿಸಿದ: ಆ ಬೆಳಗ್ಗೆ ರಸ್ತೆಯಲ್ಲಿ ಯಾರಿಗೋ ಲಾರಿ ಬಡಿದು ಆಟೋದಲ್ಲಿ ಹಾಕಿಕೊಂಡು ಹೋದರಂತೆ, ಯಾವ ಆಸ್ಪತ್ರೆಯೋ, ಆ ಮನುಷ್ಯ ಬದುಕಿದನೋ ಇಲ್ಲವೋ ತಿಳಿಯದು. ಸಂಘದ ಸೆಕ್ರೆಟರಿ ಸಂಗನಬಸಪ್ಪ ಮೂರು ಆಸ್ಪತ್ರೆಯ ನಂಬರು ಸಂಪಾದಿಸಿ ತಾನೇ ಮಾತಾಡಿ ನೋಡಿದ. ಅವನ ಕನ್ನಡ ಅವರಿಗೆ ತಿಳಿಯಲಿಲ್ಲ, ಅವರ ತಮಿಳು ಇವನಿಗೆ ತಿಳಿಯಲಿಲ್ಲ. ಚೀಟಿ ಹಿಡಿದುಕೊಂಡು, ದಾನಮ್ಮನನ್ನೂ ಕರೆದುಕೊಂಡು, ಮಧ್ಯಾಹ್ನ ನಮ್ಮ ಕ್ಲಾಸಿಗೆ ಬಂದ. ಅವಳು ಬಂದವಳೇ ಗೋಡೆಗೆ ಒರಗಿ ನಿಂತಳು. ಅಳುತ್ತಿರಲಿಲ್ಲ. ಅಳದಿದ್ದುದನ್ನು ನೋಡಿಯೇ ನನಗೆ ಭಯವಾಯಿತು.

ನದಾಫ್ ಸರ್ ತಮ್ಮ ಮೊಬೈಲಿನಿಂದ ಒಂದು ಆಸ್ಪತ್ರೆಗೆ ಹಚ್ಚಿದರು. ಮಾನಪ್ಪ ಎಂಬವರು ಇಲ್ಲ ಎಂದರು. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಒಬ್ಬ ಹೆಂಗಸು, ಆ ಹೆಸರಿನವರು ಇಲ್ಲ, ಆದರೆ ಅಪಘಾತದ ವಾರ್ಡಿನಲ್ಲಿ ಹೊರಗಿನವರು ಬಹಳ ಮಂದಿ ಇದ್ದಾರೆ, ನಿಮ್ಮವರು ನೋಡಲು ಹೇಗಿದ್ದಾರೆ ಎಂದು ಕೇಳಿದಳು. ಸರ್ ದಾನಮ್ಮನ ಕಡೆ ತಿರುಗಿದರು. ಮೊಬೈಲಿನ ಮೇಲೆ ಅಂಗೈ ಮುಚ್ಚಿದರು.

“ನಿಮ್ಮಪ್ಪನ್ನ ನಾ ಒಮ್ಮಿನೂ ನೋಡಿಲ್ಲ ತಂಗಿ. ಆಕಿ ಕೇಳಿದ್ದಕ್ಕೆಲ್ಲ ನೀನs ಹೇಳಬೇಕು” ಎಂದರು.

ದಾನಮ್ಮ ಮೊಬೈಲು ಹಿಡಿದಳು. ಆಚೆಯಿಂದ ಹಲೋ, ಹಲೋ ಎಂಬ ದನಿ ಬರುತ್ತಿತ್ತು. ಇವಳ ನಾಲಿಗೆ ಹೊರಳಲಿಲ್ಲ. ಆಗ ಅವಳು ಮಾಡಿದ ಕೆಲಸ ನೋಡಿ. ಮೊಬೈಲನ್ನು ಸ್ಪೀಕರಿಗೆ ಹಾಕಿ ನನ್ನ ಪಕ್ಕದಲ್ಲಿ ಮೇಜಿನ ಮೇಲಿಟ್ಟು, ನನ್ನ ರಿಸೀವರನ್ನು ಎತ್ತಿ ಕಿವಿಗೆ ಒತ್ತಿ ಹಿಡಿದಳು. ಸೆಕ್ರೆಟರಿ ಕಣ್ಣು ಕಣ್ಣು ಬಿಟ್ಟ. ಹುಡುಗಿಗೆ ತಲೆ ಕೆಟ್ಟಿತೇ ಎಂದು ಸರ್ ಮುಖ ನೋಡಿದ. ಸರ್ ಸುಮ್ಮನಿರು ಎಂದು ಸನ್ನೆ ಮಾಡಿದರು.

ದನಿ ಬಂತು. ಮೊದಲು ಅದೇ ಹಳೆಯ ಮಾತು, ನಮ್ಮಪ್ಪ ಒಳ್ಳೆಯವನು ಎಂದು. ತಾನೇ ತಡೆದಳು, ಉಸಿರೆಳೆದುಕೊಂಡಳು, ಮೀಸೆಯಿಂದ ಶುರು ಮಾಡಿದಳು. ಒಂದೊಂದು ಮಾತಿಗೂ ನಿಂತು, ಐದು ಎಣಿಸಿ, ಆಚೆಯವಳು ಕೇಳಿದ್ದಕ್ಕೆ ಉತ್ತರ ಕೊಟ್ಟು ಮುಂದೆ ಹೋದಳು. ನಡುವೆ ಒಂದು ಸಲ ಅವಳ ಮುಖದ ಬಿಗಿ ಸಡಿಲಾಯಿತು. ಆಚೆಯವಳ ಇಂಗ್ಲಿಷೂ ನಮ್ಮ ಇಂಗ್ಲಿಷಿನ ಹಾಗೆಯೇ ತೇಪೆ ಹಾಕಿದ್ದು ಎಂಬುದು ಅವಳಿಗೆ ತಿಳಿದುಹೋಗಿತ್ತು. “ವೇಟ್ ಮಾ, ಐ ಗೋ ಸೀ” ಎಂದು ಆ ಪುಣ್ಯಾತ್ಗಿತ್ತಿ ಎದ್ದು ಹೋದಳು.

ಕಾಯುವುದೆಂದರೆ ಏನೆಂದು ನನಗೆ ಗೊತ್ತು. ಸ್ಟೋರ್ ರೂಮಿನ ಹತ್ತು ವರ್ಷ ಆ ಏಳು ನಿಮಿಷದ ಮುಂದೆ ಏನೂ ಅಲ್ಲ. ದಾನಮ್ಮ ನನ್ನನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ನಾಡಿ ನನಗೆ ಕೇಳುತ್ತಿತ್ತು. ಜೀವವಿದ್ದ ಕಾಲದಲ್ಲಿ ಎಷ್ಟೋ ಕೆಟ್ಟ ಸುದ್ದಿ ಹೊತ್ತಿದ್ದೇನೆ, ಇದೊಂದು ಬೇಡ ಎಂದುಕೊಂಡೆ.

ಆ ಹೆಂಗಸು ತಿರುಗಿ ಬಂದಳು. ಬೆರಳು ಸೊಟ್ಟ ಇರುವವರು ಒಬ್ಬರು ಇದ್ದಾರೆ, ಕಿವಿಯಲ್ಲಿ ರಿಂಗೂ ಇದೆ, ಮೀಸೆಯೂ ನೀನು ಹೇಳಿದ ಹಾಗೆಯೇ ಇದೆ, ಕಾಲು ಮುರಿದಿದೆ, ಜೀವಕ್ಕೆ ಏನೂ ಭಯವಿಲ್ಲ ಎಂದಳು. ಆದರೆ ಹೆಸರು ಬೇರೆ. ಕಾಗದ ನೋಡಿ, ಅಕ್ಷರ ಅಕ್ಷರ ಕೂಡಿಸಿ, ಸಂ-ಗ-ನ-ಬ-ಸಪ್ಪ ಎಂದು ಓದಿದಳು.

ಸೆಕ್ರೆಟರಿ ತನ್ನ ಎದೆ ಮುಟ್ಟಿಕೊಂಡ. “ನಾ ಇಲ್ಲೇ ಅದೀನಲ್ರಿ” ಎಂದ.

ಸ್ವಲ್ಪ ಹೊತ್ತಿನ ಮೇಲೆ ಅವನಿಗೇ ಹೊಳೆಯಿತು. ಆ ಸಂಘದಲ್ಲಿ ಮೇಳಕ್ಕೆ ಪಾಸು ಬರುವುದು ಸೆಕ್ರೆಟರಿಯ ಹೆಸರಿಗೆ. ಯಾವ ನೇಕಾರ ಹೋಗಲಿ, ಅದನ್ನೇ ಕೊರಳಿಗೆ ಹಾಕಿಕೊಂಡು ಹೋಗುತ್ತಾನೆ. ಹೊಸ ಪಾಸಿಗೆ ಯಾರು ಅರ್ಜಿ ಬರೆಯಬೇಕು ಎಂದು ಇಪ್ಪತ್ತು ವರ್ಷದಿಂದ ನಡೆದುಬಂದ ಪದ್ಧತಿ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಇಲ್ಲದವನನ್ನು ಕೊರಳಲ್ಲಿದ್ದ ಹೆಸರಿನಿಂದಲೇ ಬರೆದುಕೊಂಡಿದ್ದರು. ಎಚ್ಚರವಾದ ಮೇಲೆ ಅವನು ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ. ಮೊಬೈಲು ಲಾರಿಯ ಗಾಲಿಗೆ ಸಿಕ್ಕಿ ಪುಡಿಯಾಗಿತ್ತು, ಮಗಳ ನಂಬರು ಬಾಯಿಪಾಠ ಇರಲಿಲ್ಲ.

ಆ ಪುಣ್ಯಾತ್ಗಿತ್ತಿ ಫೋನನ್ನು ಹಾಸಿಗೆಯ ತನಕ ಒಯ್ದಳು. ಸ್ಪೀಕರಿನಿಂದ ಒಂದು ಕೆಮ್ಮು, ಆಮೇಲೆ ಬಳಲಿದ ದನಿ. “ಯಾರ್ರಿ?”

ದಾನಮ್ಮ ಅದೇ ಬಿಗಿಯಲ್ಲಿ, ಅದೇ ದನಿಯಲ್ಲಿ, “ಗುಡ್ ಆಫ್ಟರ್‌ನೂನ್. ದಿಸ್ ಈಸ್ ದಾನಮ್ಮ ಸ್ಪೀಕಿಂಗ್” ಎಂದಳು.

ಆಚೆ ಐದು ಎಣಿಸುವಷ್ಟು ಹೊತ್ತು ಸದ್ದಿಲ್ಲ. ಆಮೇಲೆ, “ಯವ್ವಾ, ನನ್ನ ಕೂಡ ಯಾಕ ಇಂಗ್ಲಿಷ್ ಮಾತಾಡ್ತಿ?” ಎಂದ ಮಾನಪ್ಪ. ಅವಳಿಗೆ ನಗುವೂ ಅಳುವೂ ಕೂಡಿಯೇ ಬಂದವು. ನದಾಫ್ ಸರ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸತೊಡಗಿದರು. ನಮಗೆಲ್ಲ ಹೋದ ಜೀವ ಬಂದಂತಾಯಿತು. ನನಗೂ ಎಂದರೆ ಯಾರೂ ನಂಬಲಿಕ್ಕಿಲ್ಲ.

ಎರಡು ತಿಂಗಳ ಮೇಲೆ ಮಾನಪ್ಪ ಕೋಲೂರಿಕೊಂಡು ಕಾಲೇಜಿಗೆ ಬಂದ. ಸರ್‌ಗೆ ಒಂದು ಖಣ ಕೊಟ್ಟು ಕೈ ಮುಗಿದ. ದಾನಮ್ಮ ನನ್ನನ್ನು ತೋರಿಸಿದಳು. ಅವನು ನನ್ನ ರಿಸೀವರ್ ಎತ್ತಿ ಕಿವಿಗೆ ಹಿಡಿದು, ಇದರೊಳಗೆ ಏನೂ ಕೇಳುವುದಿಲ್ಲವಲ್ಲ ಎಂದ. ಇದು ಕೇಳುವುದಕ್ಕಲ್ಲ, ಹೇಳುವುದಕ್ಕೆ ಎಂದಳು ಮಗಳು. ಅವನು ಕೆಳಗಿಡಲಿಲ್ಲ. ಅವಳ ಮುಖ ನೋಡದೆ, ಗೋಡೆಯ ಕಡೆ ತಿರುಗಿ, ನನ್ನೊಳಗೆ ಮೆಲ್ಲಗೆ ಮಾತಾಡಿದ.

“ಎರಡು ದಿನ ಅವರು ಸಂಗನಬಸಪ್ಪ ಅಂದ್ರು, ಅಲ್ಲ ಅಂತ ಹೇಳಿ ಹೇಳಿ ಸಾಕಾಗಿ ನಾ ಹ್ಞೂಂ ಅಂದೆ. ನನ್ನ ಹುಡುಕ್ಕೊಂಡು ಯಾರೂ ಬರೂದಿಲ್ಲಂತ ಗಟ್ಟಿ ಮಾಡ್ಕೊಂಡಿದ್ದೆ. ದವಾಖಾನಿಯ ಆ ಹೆಣ್ಮಗಳು ಬಂದು ನನ್ನ ಕಿರುಬಳ್ಳು ಹಿಡದು ನೋಡಿದಳು. ಹುಟ್ಟಿದಾಗಿಂದ ನಾ ಮಗ್ಗ ನೋಡಿದವ. ನನ್ನನ್ನೂ ಒಬ್ಬರು ಇಷ್ಟು ನೋಡ್ಯಾರಂತ ನನಗ ಗೊತ್ತಿರಲಿಲ್ಲವ್ವ.”

ದಾನಮ್ಮ ಎರಡೇ ಹೆಜ್ಜೆ ಹಿಂದೆ ನಿಂತಿದ್ದಳು.

ಈಗ ಕಾಲೇಜಿಗೆ ಕಂಪ್ಯೂಟರಿನ ಲ್ಯಾಬು ಬಂದಿದೆ, ಮಕ್ಕಳು ತಲೆಗೆ ಹೆಡ್‌ಫೋನು ಹಾಕಿಕೊಂಡು ಇಂಗ್ಲಿಷ್ ಕಲಿಯುತ್ತಾರೆ. ನದಾಫ್ ಸರ್ ನಿವೃತ್ತರಾದರು. ನಾನು ಸ್ಟಾಫ್ ರೂಮಿನ ಕಿಟಕಿಯ ಬಳಿ ಕಾಗದ ಹಾರದಂತೆ ಅವುಗಳ ಮೇಲೆ ಕುಳಿತಿದ್ದೇನೆ. ಬಿಸಿಲು ಬರುತ್ತದೆ, ಬೇಸರವಿಲ್ಲ. ತಂತಿ ಇದ್ದಾಗ ದೂರದ ದೂರದ ಊರುಗಳಿಂದ ಬಂದ ಲೆಕ್ಕವಿಲ್ಲದಷ್ಟು ಮಾತು ಮುಟ್ಟಿಸಿದ್ದೇನೆ. ಒಂದೂ ಈಗ ನೆನಪಿಲ್ಲ. ಮಾನಪ್ಪನ ಮಾತು ಹೋಗಬೇಕಾಗಿದ್ದದ್ದು ಎರಡೇ ಹೆಜ್ಜೆ ದೂರಕ್ಕೆ, ಅದು ಮುಟ್ಟಿತು.