ಕೆಳಗಿನ ದನಿ

ಹೊಸ ಆಲ್ಬಮ್ಮಿನ ಒಂಬತ್ತು ಹಾಡು ಮುಗಿದಿದ್ದವು. ಹತ್ತನೆಯದಕ್ಕೆ ತಂಗಿ ಎರಡು ಮೈಕು ಹಾಕಿಸಿದ್ದಳು. ಎರಡು ಹೆಡ್‌ಫೋನು, ಎರಡು ಲೋಟ ಬಿಸಿನೀರು. ಅವಳು ಯಾರ ತಂಗಿ ಎಂದು ಈಗ ಯಾರೂ ಕೇಳುವುದಿಲ್ಲ. ಬಸ್ಸುಗಳ ಮೈತುಂಬ ಅವಳೊಬ್ಬಳದೇ ಮುಖ ಅಂಟಿಸಿರುವಾಗ ಕೇಳುವುದಾದರೂ ಯಾಕೆ? ಆದರೆ ಇಪ್ಪತ್ತಮೂರರ ಆ ಹುಡುಗಿಗೆ ಒಬ್ಬ ಅಕ್ಕ ಇದ್ದಳು. ತಂಗಿಯ ಏಳನೆಯ ವಯಸ್ಸಿನಿಂದ ಇಬ್ಬರೂ ಜೋಡಿಯಾಗಿ ಹಾಡಿದವರು. ಮೇಲಿನ ದನಿ ತಂಗಿಯದು, ಕೆಳಗಿನದು ಅಕ್ಕನದು.

ಮ್ಯೂಸಿಕ್ ಕಂಪನಿಯವರು ‘ಒಬ್ಬಳು ಸಾಕು’ ಎಂದಾಗ ತಂಗಿ ಮನೆಯಲ್ಲಿ ತುಟಿಪಿಟಕ್ಕೆನ್ನದೆ ಸಹಿ ಹಾಕಿ ಬಂದಳು. ಅಕ್ಕ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಫ್ರೇಮು ನೋಡಲು ಬಂದ ಗಿರಾಕಿಯೊಬ್ಬಳು, “ನಿಮ್ಮ ತಂಗಿ ಒಬ್ಳೇ ಹಾಡ್ತಾಳಂತೆ, ನೀವು ಬಿಟ್ಬಿಟ್ರಾ?” ಎಂದು ಕೇಳಿದಾಗಲೇ ಅವಳಿಗೆ ವಿಷಯ ತಿಳಿದದ್ದು. ಅಂದಿನಿಂದ ಎರಡು ವರ್ಷ ತಂಗಿಯೊಡನೆ ಮಾತಿಲ್ಲ, ಕತೆಯಿಲ್ಲ. ತಪ್ಪು ತಂಗಿಯದೇ. ಅದು ಅವಳಿಗೂ ಗೊತ್ತಿತ್ತು.

ಹತ್ತನೆಯದು ಹೊದಿಕೆ ಹಾಡು. ಒಗೆದ ಹೊದಿಕೆಯ ಎರಡು ತುದಿ ಹಿಡಿದು ಮಡಚುವಾಗ ಅಕ್ಕತಂಗಿಯರೇ ಕಟ್ಟಿದ್ದು. ಅದರಲ್ಲಿ ಅಕ್ಕ ಯಾವಾಗಲೂ ಕೂದಲೆಳೆಯಷ್ಟು ತಡವಾಗಿ ದನಿ ಸೇರಿಸುತ್ತಿದ್ದಳು. “ಒಬ್ಳು ಓಡ್ತಾಳೆ, ಇನ್ನೊಬ್ಳು ತೆವಳ್ತಾಳೆ. ಯಾವ ಜನ್ಮದಲ್ಲಿ ಹೊದಿಕೆ ಮಡಚ್ತೀರೋ!” ಎಂದು ಅಮ್ಮ ರೇಗಿಸುತ್ತಿದ್ದಳು.

“ಸೋಮವಾರ ಹತ್ತು ಗಂಟೆಗೆ ಹೊದಿಕೆ ಹಾಡು. ನೀನು ಬರದಿದ್ರೆ ಹಾಡೇ ಬೇಡ,” ಎಂದು ತಂಗಿ ಬರೆದು ಕಳಿಸಿದ್ದಳು. ಓದಿದ ಗುರುತು ಬಿದ್ದಿತ್ತು. ಅಷ್ಟೇ.

ಹತ್ತಾಯಿತು, ಹನ್ನೆರಡಾಯಿತು. ಗಾಜಿನಾಚೆ ಕೂತು ಧ್ವನಿ ಮುದ್ರಿಸುವ ಹಿರಿಯರಿಗೆ ಎಲ್ಲರೂ ಇಟ್ಟ ಹೆಸರು ಕಿವಿಮಾವ. ಹೆಂಡತಿ ಕೂಗಿದ್ದೊಂದು ಬಿಟ್ಟು ಜಗತ್ತಿನಲ್ಲಿ ಅವರ ಕಿವಿಗೆ ಬೀಳದ ಸದ್ದಿಲ್ಲ.

“ಬರ್ತಾಳಾಮ್ಮಾ ನಿಮ್ಮಕ್ಕ?”

“ಬರ್ತಾಳೆ ಮಾವ. ಅವಳು ಯಾವಾಗ್ಲೂ ಸ್ವಲ್ಪ ಲೇಟು.”

ಎರಡು ಗಂಟೆಗೆ ಅವರೇ ಮೆಲ್ಲಗೆ ಹೇಳಿದರು: “ಆಲ್ಬಮ್ ನಾಳೆ ಕೊಡ್ಬೇಕಲ್ಲ. ಕೆಳಗಿನದನ್ನೂ ನೀನೇ ಹಾಡ್ಬಿಡು. ಯಾರಿಗೂ ಗೊತ್ತಾಗಲ್ಲ.”

ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದೇ ಅವಳಿಗೆ ಚುರುಕ್ಕೆಂದಿತು. ಆದರೆ ಈ ಹಾಡನ್ನು ಕೈಬಿಟ್ಟರೆ ಅಕ್ಕನನ್ನು ಇನ್ನೊಮ್ಮೆ ಹೊರಗಿಟ್ಟಂತೆ. ‘ಹಾಡೇ ಬೇಡ’ ಎಂದು ತಾನೇ ಬರೆದದ್ದನ್ನು ನುಂಗಿಕೊಂಡು ಮೇಲಿನ ದನಿ ಹಾಡಿದಳು. ಆಮೇಲೆ ಎರಡನೆಯ ಮೈಕಿಗೆ ಹೋಗಿ, ಎರಡನೆಯ ಹೆಡ್‌ಫೋನು ಹಾಕಿಕೊಂಡಳು. ಅಕ್ಕನ ಹಾಗೆ ಗದ್ದವನ್ನು ಕೊಂಚ ತಗ್ಗಿಸಿದಳು.

ಮೊದಲ ಸಲ ಎಲ್ಲ ಸರಿಯಾಗಿ ಕೂತಿತು, ಹಾಡು ಮಾತ್ರ ಸಪ್ಪೆ. ಎರಡನೆಯ ಸಲ ಅವಳು ಕಾದಳು. ಕಿವಿಯಲ್ಲಿ ತನ್ನದೇ ದನಿ ದಡಬಡ ಮುಂದೆ ಹೊರಟಿತು. ಅದು ಎಲ್ಲಿ ಎಡವುತ್ತದೋ ಎಂದು ಒಂದು ಕ್ಷಣ ಜೀವ ಬಿಗಿಹಿಡಿದು, ಆಮೇಲೆ ದನಿಗೂಡಿಸಿದಳು. ಆಗ ತಿಳಿಯಿತು. ಅಕ್ಕ ತೆವಳುತ್ತಿರಲಿಲ್ಲ. ಚಿಕ್ಕವಳ ಹೆಜ್ಜೆ ಊರಿತೇ ಎಂದು ನೋಡಿ ಆಮೇಲೆ ತಾನು ಕಾಲಿಡುತ್ತಿದ್ದಳು. ಹದಿನಾಲ್ಕು ವರ್ಷ ಪಕ್ಕದಲ್ಲೇ ನಿಂತು ಹಾಡಿದರೂ ಇದು ಗೊತ್ತಾಗಿರಲಿಲ್ಲವಲ್ಲ ಎಂದು ತಂಗಿಗೆ ನಾಚಿಕೆಯಾಯಿತು.

“ಚೂರು ತಡ ಆಗಿದೆ. ಎಳೆದು ಸರಿ ಮಾಡ್ಲಾ?” ಎಂದರು ಕಿವಿಮಾವ.

“ಬೇಡ ಮಾವ. ಅದು ಇರೋದೇ ಹಾಗೆ.”

ಆಲ್ಬಮ್ ಹೊರಬಂದ ಬೆಳಿಗ್ಗೆ, ತಂಗಿ ಒಬ್ಬಳೇ ಇರುವ ಮನೆಗೆ ಹೂಗುಚ್ಛಗಳು ಬಂದು ಬಿದ್ದವು. ಹೂದಾನಿ ಸಾಲದೆ ಬಟ್ಟೆ ನೆನೆಹಾಕುವ ಬಕೆಟ್ಟಿನಲ್ಲೂ ಇಟ್ಟಳು. ಸಾವಿರ ಜನ ಹೊಗಳಿ ಬರೆದಿದ್ದರು, ಎದುರಿಗೆ ಕೂತು ‘ತಿಂಡಿ ಆಯ್ತಾ’ ಎನ್ನುವವರು ಒಬ್ಬರೂ ಇರಲಿಲ್ಲ. ಒಣ ಬ್ರೆಡ್ಡು ಕಡಿಯುತ್ತಿದ್ದಾಗ ಅಮ್ಮನ ಫೋನು ಬಂತು.

“ಮರೀ, ಕೊನೇ ಹಾಡು ಕೇಳ್ದೆ ಕಣೇ. ಸದ್ಯ, ಇಬ್ರೂ ಒಂದಾದ್ರಲ್ಲ! ಹೊಟ್ಟೆ ತಣ್ಣಗಾಯ್ತು.”

ತಂಗಿ ಬ್ರೆಡ್ಡನ್ನು ತಟ್ಟೆಗೆ ಹಾಕಿದಳು. “ಅಮ್ಮಾ, ಅದು...”

“ಅದೂ ಇಲ್ಲ, ಇದೂ ಇಲ್ಲ. ಹೆತ್ತವಳಿಗೆ ಆ ದನಿ ಗೊತ್ತಾಗಲ್ವಾ? ಆಗ್ಲೇ ಅವಳಿಗೂ ಫೋನ್ ಮಾಡ್ದೆ. ಅಂಗಡೀಲಿ ನಾಲ್ಕು ಸಲ ಕೇಳಿದ್ಲಂತೆ.”

“ಏನಂದ್ಲು?”

“‘ಹೂಂ ಅಮ್ಮಾ, ಹೋಗಿ ಹಾಡ್ಬಂದೆ’ ಅಂದ್ಲು. ಅಲ್ಲೂ ಹೋಗಿ ತೆವಳಿದೆಯಲ್ಲೇ ಅಂತ ಬೈದೆ. ‘ನಾನೇನು ಮಾಡ್ಲಿ, ಅವಳು ಕಾಯೋದೇ ಇಲ್ಲ’ ಅಂತಾಳೆ!” ಅಮ್ಮ ನಕ್ಕಳು. ಎರಡು ವರ್ಷದಲ್ಲಿ ಅಮ್ಮ ಹಾಗೆ ನಕ್ಕಿರಲಿಲ್ಲ.

ಫೋನಿಟ್ಟ ಮೇಲೆ ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಒಂದೇ ಸುಳ್ಳಿನ ಎರಡು ತುದಿಯನ್ನು ಈಗ ಇಬ್ಬರೂ ಹಿಡಿದು ನಿಂತಿದ್ದರು. ಕನ್ನಡಕದ ಅಂಗಡಿಗೆ ಓಡಿಬಿಡೋಣವೆಂದು ಚಪ್ಪಲಿ ಮೆಟ್ಟಿದಳು. ಬಾಗಿಲವರೆಗೆ ಹೋದವಳು ನಿಂತು, ಚಪ್ಪಲಿ ಬಿಟ್ಟಳು. “ಕಾಯ್ತೀನಿ ಅಕ್ಕಾ,” ಎಂದು ಬರೆದು ಕಳಿಸಿದಳು.

ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ತಂಗಿ ಹೂವಿನ ಬಕೆಟ್ಟು ಪಕ್ಕಕ್ಕೆ ಸರಿಸಿ, ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತಳು.