ಮೂರು ಮಾರು, ಒಂದು ಗೇಣು

ತಾಳವಾಡಿ ಬಸ್ಸು ಹೋದ ಹೊತ್ತಿಗೆ ಮೊಮ್ಮಗಳಿಗೆ ಮೊಸರನ್ನ ತಂದ ಶಾಂತಮಲ್ಲಮ್ಮ ಶಾಲೆಯ ಜಗಲಿಯಲ್ಲೇ ಕೂತುಬಿಟ್ಟಳು. ಪಾಠದ ಬದಲು ಅಂಗಳದಲ್ಲಿ ಆಟ ನಡೆದಿತ್ತು. ಮೂರನೇ ತರಗತಿಯ ಮಕ್ಕಳು ಹುಣಸೆಮರ ತಬ್ಬಿ ಅದರ ಸುತ್ತಳತೆ ತೆಗೆಯುತ್ತಿದ್ದರು. ಎರಡೂ ಕೈ ಚಾಚಿದರೆ ಒಂದು ಮಾರು ಎಂದು ಮನೋಹರ ಮೇಷ್ಟ್ರು ಹೇಳಿಕೊಟ್ಟಿದ್ದರು.

ಮೊಮ್ಮಗಳು ಶಿವರಂಜನಿ, ಪಕ್ಕದ ಮನೆಯ ಚನ್ನಬಸವ, ಕಾಡಂಚಿನ ಸೋಲಿಗರ ಕೇರಿಯಾದ ಪೋಡಿನಿಂದ ಬರುವ ಮಂಗಳ ಮರ ಸುತ್ತಿ ನಿಂತರು. ಚನ್ನಬಸವ ಎರಡೂ ಕಡೆ ಬೆರಳಿಗೆ ಬೆರಳು ತಾಗಿಸಿದ. ಶಿವರಂಜನಿ ಮಾತ್ರ ಮಂಗಳಳ ಕಡೆಗೆ, ಮೊಸರನ್ನದ ಬುತ್ತಿಗೆ ಸುತ್ತಿ ತಂದಿದ್ದ ಟವಲಿನ ತುದಿ ಚಾಚಿದಳು. ಪೋಡಿನವರ ಜೊತೆ ಆಡು, ಮುಟ್ಟಬೇಡ ಎಂಬುದು ಅಜ್ಜಿಯ ಕಟ್ಟಪ್ಪಣೆ. ಮಂಗಳ ಆಗಷ್ಟೇ ನಲ್ಲಿಯಲ್ಲಿ ಕೈ ತೊಳೆದು ಬಂದಿದ್ದಳು. ಟವಲಿನ ಇನ್ನೊಂದು ತುದಿ ಹಿಡಿದಳು. ಅಜ್ಜಿಗೆ ಸಮಾಧಾನವಾಯಿತು.

ಶಿವರಂಜನಿ ಹಲಗೆಯ ಮೇಲೆ ಮೂರು ಮಾರು ಎಂದು ಬರೆದಳು.

ಮೇಷ್ಟ್ರು ಮರಕ್ಕೆ ಹಗ್ಗ ಸುತ್ತಿ, ಅಷ್ಟನ್ನೇ ನೆಲದ ಮೇಲೆ ನೇರವಾಗಿ ಹಾಸಿ ಮತ್ತೆ ಅಳೆಯಲು ಹೇಳಿದರು. ಮೂವರ ಮಾರು ಮುಗಿದರೂ ಹಗ್ಗ ಒಂದು ಗೇಣು ಉಳಿಯಿತು.

"ಮರ ಊದ್ಕೊಬುಡ್ತು ಕಣ್ಲಾ," ಎಂದ ಒಬ್ಬ. ಎಲ್ಲರೂ ನಕ್ಕರು. ಲೆಕ್ಕದಲ್ಲಿ ಯಾವತ್ತೂ ತಪ್ಪದ ಶಿವರಂಜನಿಯ ಕಣ್ಣು ತುಂಬಿತು. ಮತ್ತೆ ಮತ್ತೆ ಅಳೆದಳು. ಕೊನೆಗೆ ತನ್ನ ಮತ್ತು ಮಂಗಳಳ ಕೈಗಳ ನಡುವೆ ಇದ್ದಷ್ಟು ಟವಲನ್ನು ಉಳಿದ ಹಗ್ಗದ ಪಕ್ಕ ಇಟ್ಟಳು. ಸರಿಹೋಯಿತು.

ಜಗಲಿಗೆ ಓಡಿಬಂದಳು. "ನಂದು ತಪ್ಪಿಲ್ಲ ಕಣಜ್ಜಿ. ಮೂರು ಮಾರು, ಒಂದು ಟವಲ್ಲು ಅಂತ ಬರೀಲಾ? ಟವಲ್ಲು ಯಾಕೆ ಅಂತ ಮೇಷ್ಟ್ರು ಕೇಳುದ್ರೆ ಏನೇಳ್ಲಿ?"

ಶಾಂತಮಲ್ಲಮ್ಮ ಮೇಷ್ಟ್ರ ಕಡೆ ನೋಡಿದಳು. ಅವರು ಹಗ್ಗ ಸುತ್ತುತ್ತ ಆಚೆ ತಿರುಗಿದ್ದರು. ಮರದ ಬುಡದಲ್ಲಿ ಮಂಗಳ ಅಂಗೈಯನ್ನು ಲಂಗಕ್ಕೆ ಒರೆಸುತ್ತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಒರೆಸುತ್ತಲೇ ಇದ್ದಳು.

"ಟವಲ್ಲ ಇತ್ತಾಗಿ ಕೊಡು. ಮನೇಲಿ ಬೇಕು," ಎಂದಳು ಅಜ್ಜಿ.

"ಟವಲ್ಲು ಇಲ್ದಿದ್ರೆ ಕೈ ಎಟುಕದಿಲ್ಲ ಕಣಜ್ಜಿ."

ಟವಲನ್ನು ಸೊಂಟಕ್ಕೆ ಸಿಕ್ಕಿಸಿ ಶಾಂತಮಲ್ಲಮ್ಮ ಮರದ ಬಳಿಗೆ ನಡೆದಳು. ಮೂವರು ಮಕ್ಕಳೂ ಮತ್ತೆ ಮರ ತಬ್ಬಿದರು. ಇಬ್ಬರು ಹುಡುಗಿಯರ ನಡುವೆ ಖಾಲಿ ಉಳಿದ ತೊಗಟೆಯ ಮೇಲೆ ಅಜ್ಜಿ ಅಂಗೈ ಅಗಲಿಸಿ ಗೇಣಿಟ್ಟಳು. ಹೆಬ್ಬೆರಳಿಗೆ ಮೊಮ್ಮಗಳ ಬೆರಳು ತಾಗಿತು. ಕಿರುಬೆರಳಿಗೆ ಮಂಗಳಳದು, ತಣ್ಣಗೆ. ಮಂಗಳ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

"ಸರಿಯಾಗಿ ಮುಟ್ಟಮ್ಮಿ," ಎಂದಳು ಶಾಂತಮಲ್ಲಮ್ಮ. "ಇಲ್ದಿದ್ರೆ ಲೆಕ್ಕ ತಪ್ತದೆ."